ಅಚ್ಚಿನ ಬೆಲೆ, ಉಳಿಯ ಬೆಲೆ

ರೈಲುಬಂಡಿಯನ್ನು 87ರಲ್ಲಿ ಒಂದು ಪಾಲಿಗೆ ಕುಗ್ಗಿಸಿ ನಿರ್ಮಿಸುವ ಹವ್ಯಾಸಿಗಳ ಮಾದರಿಗಳು ಆಟಿಕೆಗಳಂತೆ ತೋರಿದರೂ, ಅವುಗಳ ಅಚ್ಚಿಗೆ ತಗಲುವ ಅಪಾರ ವೆಚ್ಚವನ್ನು ಅಲ್ಪಸಂಖ್ಯೆಯ ಗ್ರಾಹಕರೇ ಹೊರಬೇಕಾದುದರಿಂದ, ಬೆಲೆಯು ಸಹಜವಾಗಿಯೇ ಏರುವುದು.

ಅಚ್ಚಿಲ್ಲದ ದಾರಿಯೂ ಒಂದುಂಟು. ಶಿವಮೊಗ್ಗದಿಂದ ಶಿಕಾರಿಪುರದ ಮಾರ್ಗವಾಗಿ ರಾಣೆಬೆನ್ನೂರಿಗೆ ಹೊಸ ರೈಲುಹಾದಿ ಮಂಜೂರಾಗಿರುವ ಈ ಕಾಲದಲ್ಲಿ, ನೆರೆಯ ಸೊರಬದಲ್ಲಿ ತಲೆತಲಾಂತರದಿಂದ ಶ್ರೀಗಂಧವನ್ನು ಕೆತ್ತುತ್ತ ಬಂದಿರುವ ಗುಡಿಗಾರರನ್ನು ನೆನೆಯುವುದು ಉಚಿತ. ಅವರಿಗೆ ಅಚ್ಚಿನ ಹಂಗಿಲ್ಲ. ಒಂದನ್ನು ಮಾಡಿದರೂ ನೂರನ್ನು ಮಾಡಿದರೂ ಒಂದೊಂದಕ್ಕೂ ತಗಲುವ ಶ್ರಮ ಹೆಚ್ಚುಕಡಮೆ ಸಮಾನವೇ. ಆದಕಾರಣ ಅಲ್ಪಸಂಖ್ಯೆಯ ಸೂಕ್ಷ್ಮ ಮಾದರಿಗಳಿಗೆ ಅಚ್ಚಿಗಿಂತ ಉಳಿಯೇ ಮಿತವ್ಯಯದ ಸಾಧನವೆಂಬುದು ನನ್ನ ದೃಢಾಭಿಪ್ರಾಯ.

ಹೊಸ ಹಾದಿಯ ನಿಲ್ದಾಣಗಳಿಗಾಗಿ ಮರದ ಮಾದರಿಬಂಡಿಗಳನ್ನು ರೈಲ್ವೆಯು ಮುಂಗಡವಿತ್ತು ಗುಡಿಗಾರರಿಂದಲೇ ಮಾಡಿಸಲಿ. ಸರ್ಕಾರವು ನ್ಯಾಯವಾದ ದರದಲ್ಲಿ ಮರವನ್ನೊದಗಿಸಲಿ. ಕೊಳ್ಳುವವರು ಚೌಕಾಸಿಯಿಲ್ಲದೆ ಶ್ರಮದ ಬೆಲೆಯನ್ನು ಸಲ್ಲಿಸಲಿ.