ತಟಸ್ಥತೆ ಹೇಡಿತನವೇ?

ಗೆದ್ದ ಗಳಿಗೆಯಲ್ಲೇ ರಾಜ್ಯ ತೊರೆದ ಬಾಹುಬಲಿಯನ್ನು ಶ್ರವಣಬೆಳಗೊಳದಲ್ಲಿ ಯಾರೂ ಹೇಡಿಯೆನ್ನರು. ಕೊರಿಯಾ ಯುದ್ಧಕ್ಕೆ ಕಾದಾಡುವ ಸೇನೆಯ ಬದಲು ವೈದ್ಯದಳವನ್ನು ಕಳುಹಿಸಿದ ಭಾರತಕ್ಕೆ ಮಾತ್ರ ಕೆಲವರು ಆ ಬಿರುದು ಕೊಡುತ್ತಾರೆ! ಉತ್ತರದವರ ಆಕ್ರಮಣವೇನೋ ನಿಜ. ಆದರೆ ಕಮ್ಯುನಿಸಮ್ಮನ್ನು ತಡೆಯಲೆಂದು 1950ರಲ್ಲಿ ಅಮೆರಿಕವು ಸೇನೆಯಿಳಿಸಿ, ಲಕ್ಷಾಂತರ ಜನ ಮಡಿದ ಮೇಲೂ ಗಡಿ ನಿಂತುದು ಮೊದಲಿದ್ದ 38ನೆಯ ಅಕ್ಷಾಂಶದ ಆಸುಪಾಸಿನಲ್ಲಿಯೇ. 1953ರಲ್ಲಿ ಕದನ ನಿಂತಾಗ, ಸ್ವದೇಶಕ್ಕೆ ಮರಳಲೊಲ್ಲದ 22,000ಕ್ಕೂ ಮಿಕ್ಕ ಸೆರೆಯಾಳುಗಳ ಹೊಣೆ ಬಿದ್ದುದು ಯಾರ ಹೆಗಲಿಗೆ? ಕೊಡಗಿನ ತಿಮ್ಮಯ್ಯನವರ ಅಧ್ಯಕ್ಷತೆಯ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ, ಭಾರತೀಯ ಯೋಧರಿಗೆ. ಅಮೆರಿಕದ ಬೆಂಬಲದಿಂದ ಉಳಿದ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಆ ಯೋಧರಿಗೆ ತನ್ನ ನೆಲ ಮೆಟ್ಟಗೊಡಲಿಲ್ಲ. ಹೆಲಿಕಾಪ್ಟರುಗಳಲ್ಲಿ ಅವರನ್ನು ಸಾಗಿಸಬೇಕಾಯಿತು. ಶಿಬಿರದಲ್ಲಿ ತಮ್ಮ ಮೇಲೆಯೇ ಕಲ್ಲು ಬೀರಿದ ಸೆರೆಯಾಳುಗಳನ್ನು ಅವರು ತಿಂಗಳುಗಟ್ಟಲೆ ಕಾಪಾಡಿದರು.