ಒಳಸಂಚಿನ ಕಥೆಗಳೂ ತೆರೆದಿಟ್ಟ ಕಡತಗಳೂ

ನಮ್ಮ ಊರಿನ ವಾಚನಾಲಯದ ವಾರ್ಷಿಕ ಸಭೆ ಮುಗಿದು, ಎಲ್ಲರೂ ಚಹಾದ ಲೋಟ ಹಿಡಿದು ನಿಂತಿದ್ದ ಹೊತ್ತು. ಇಪ್ಪತ್ತಮೂರರ ಯುವಕನೊಬ್ಬನನ್ನು, ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದೀಯೇನಪ್ಪಾ ಎಂದು ಕೇಳಿದೆ. ಬುದ್ಧಿವಂತ ಹುಡುಗ, ವಾಚನಾಲಯದ ಇಂಗ್ಲಿಷ್ ಕಪಾಟನ್ನು ಅವನಷ್ಟು ಬಳಸಿಕೊಂಡವರು ಬೇರೊಬ್ಬರಿಲ್ಲ. ಅವನು ನಕ್ಕು, "ಸರ್, ಯಾರು ಆಳಬೇಕು ಎನ್ನುವುದು ಮುಚ್ಚಿದ ಕೋಣೆಯಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ನಾವು ಹೋಗಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವುದು ಬರೀ ನಾಟಕ" ಎಂದ. ಇದು ನಿನಗೆ ಹೇಗೆ ತಿಳಿಯಿತು ಎಂದರೆ, ತಾನು ಓದಿದ ಏಳೆಂಟು ಕಾದಂಬರಿಗಳ ಹೆಸರನ್ನು ಸಾಕ್ಷಿಗಳ ಪಟ್ಟಿಯಂತೆ ಒಪ್ಪಿಸಿದ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಅದಕ್ಕೇ ನಾನು ಹೇಳಿದ್ದು, ಇಂಥ ಪುಸ್ತಕಗಳನ್ನು ಕಪಾಟಿನಿಂದ ತೆಗೆಯಿರಿ ಅಂತ" ಎಂದು ಗುಡುಗಿದರು. ಆ ಹೊತ್ತಿನಲ್ಲಿ ಇಬ್ಬರಿಗೂ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಈ ಲೇಖನ ಆ ಇಬ್ಬರನ್ನೂ ಉದ್ದೇಶಿಸಿದ್ದು.

ಮೊದಲಿಗೆ ನನ್ನದೇ ತಪ್ಪೊಪ್ಪಿಗೆ. ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟುಕೊಂಡು ಓದಿದ ತಲೆಮಾರಿನವನು ನಾನು. ಎನ್. ನರಸಿಂಹಯ್ಯನವರ ಆ ಕಾದಂಬರಿಗಳಲ್ಲಿ ಕಳ್ಳ ಸಿಕ್ಕರೆ ಕಥೆ ಮುಗಿಯುತ್ತಿತ್ತು. ಮುಂದೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯಲ್ಲಿ, ಹೊದಿಕೆ ಹರಿದ 'ಸೆವೆನ್ ಡೇಸ್ ಇನ್ ಮೇ' ಎಂಬ ಅಮೆರಿಕದ ಕಾದಂಬರಿ ಕೈಗೆ ಸಿಕ್ಕಾಗ, ಸರ್ಕಾರವೇ ಅಪಹರಣಕ್ಕೆ ಒಳಗಾಗುವ ಕಥೆಯನ್ನು ಮೊಟ್ಟಮೊದಲು ಓದಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಆದ್ದರಿಂದ ಇಂಥ ಪುಸ್ತಕಗಳ ಸೆಳೆತ ಏನೆಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಫ್ಲೆಚರ್ ನೆಬೆಲ್ ಮತ್ತು ಚಾರ್ಲ್ಸ್ ಬೇಲಿ ಎಂಬ ಇಬ್ಬರು ವಾಷಿಂಗ್ಟನ್ ಪತ್ರಕರ್ತರು ಸೇರಿ ಬರೆದ ಆ ಕಾದಂಬರಿ ಪ್ರಕಟವಾದದ್ದು 1962ರಲ್ಲಿ. ಅದರ ಹಿಂದಿನ ವರ್ಷದ ಜನವರಿಯಲ್ಲಿ, ಅಧಿಕಾರ ಬಿಡುತ್ತಿದ್ದ ಅಧ್ಯಕ್ಷ ಐಸೆನ್‌ಹೋವರ್, ಸೇನೆಯೂ ಶಸ್ತ್ರಾಸ್ತ್ರ ಕೈಗಾರಿಕೆಯೂ ಕೂಡಿ ಬೆಳೆಸಿಕೊಂಡ ಪ್ರಭಾವದ ಬಗ್ಗೆ ತಮ್ಮ ವಿದಾಯ ಭಾಷಣದಲ್ಲಿ ದೇಶವನ್ನು ಎಚ್ಚರಿಸಿದ್ದರು. ಎಚ್ಚರಿಸಿದವರು ಸ್ವತಃ ಮಹಾಯುದ್ಧದ ದಂಡನಾಯಕರಾಗಿದ್ದವರು ಎಂಬುದನ್ನು ಮರೆಯಬಾರದು. ನಿಶ್ಶಸ್ತ್ರೀಕರಣದ ಒಪ್ಪಂದಕ್ಕೆ ಸಹಿ ಹಾಕಿದ ಅಧ್ಯಕ್ಷನನ್ನು ಇಳಿಸಲು ಸೇನಾಧಿಪತಿಯೊಬ್ಬ ಹೂಡುವ ಸಂಚು ಈ ಕಾದಂಬರಿಯ ವಸ್ತು. ಆದರೆ ಅದರ ನಿಜವಾದ ಬಿಗಿ ಇರುವುದು ಸಂಚಿನಲ್ಲಿ ಅಲ್ಲ, ಅದನ್ನು ಎದುರಿಸುವ ರೀತಿಯಲ್ಲಿ. ಸೇನಾಧಿಪತಿಯ ಖಾಸಗಿ ಬದುಕಿನ ಕಳಂಕವೊಂದು ಅಧ್ಯಕ್ಷನ ಕೈಗೆ ಸಿಗುತ್ತದೆ. ಅದನ್ನು ಬಳಸಬಹುದೇ, ಬಳಸಿದರೆ ತಾನು ರಕ್ಷಿಸಬೇಕಾದ ವ್ಯವಸ್ಥೆಯಲ್ಲಿ ಏನು ಉಳಿಯುತ್ತದೆ ಎಂಬ ತೊಳಲಾಟ ಅಲ್ಲಿದೆ. ಇಂಥ ಪುಸ್ತಕವನ್ನು ಕಪಾಟಿನಿಂದ ತೆಗೆಯಬೇಕೆನ್ನುವ ಹಿರಿಯರು ಅದನ್ನು ತೆರೆದು ನೋಡಿಲ್ಲವೆಂದೇ ನನ್ನ ಅನುಮಾನ.

ಆದರೆ ಕಾಲ ಬದಲಾಯಿತು, ಕಥೆಯೂ ಬದಲಾಯಿತು. 1974ರಲ್ಲಿ ಬಂದ ಜೇಮ್ಸ್ ಗ್ರೇಡಿಯವರ 'ಸಿಕ್ಸ್ ಡೇಸ್ ಆಫ್ ದ ಕಾಂಡೋರ್' ಕಾದಂಬರಿಯ ನಾಯಕ ಗುಪ್ತಚರ ಸಂಸ್ಥೆಯ ಒಬ್ಬ ಓದುಗ. ಪತ್ತೇದಾರಿ ಕಾದಂಬರಿಗಳನ್ನು ಓದುವುದೇ ಅವನ ಉದ್ಯೋಗ. ಊಟ ತರಲು ಹೊರಗೆ ಹೋಗಿ ಬರುವಷ್ಟರಲ್ಲಿ ಅವನ ಸಹೋದ್ಯೋಗಿಗಳೆಲ್ಲ ಹೆಣವಾಗಿರುತ್ತಾರೆ, ಕೊಂದವರ ಬೇರು ಆ ಸಂಸ್ಥೆಯೊಳಗೇ ಇರುತ್ತದೆ. ಅಲ್ಲಿಂದ ಮುಂದೆ ಈ ಪ್ರಕಾರದ ಪಾಠ ಒಂದೇ: ಯಾರನ್ನೂ ನಂಬಬೇಡ. ನ್ಯಾಯಾಧೀಶ ಅವರವನು, ಸಂಪಾದಕ ಅವರವನು, ಮಂತ್ರಿ ಅವರವನು. ಓದುಗ ಮತ್ತು ನಾಯಕ ಇಬ್ಬರೇ ಜಗತ್ತಿನ ಸತ್ಯವಂತರು! ಓದುಗನಿಗೆ ಇದಕ್ಕಿಂತ ಸುಖದ ಮುಖಸ್ತುತಿ ಬೇರೆ ಉಂಟೇ?

ಅದೇ 1974ರಲ್ಲಿ ಅಮೆರಿಕದಲ್ಲಿ ನಿಜವಾಗಿ ನಡೆದದ್ದನ್ನು ನೋಡಿ. ವಾಟರ್‌ಗೇಟ್ ನಿಸ್ಸಂದೇಹವಾಗಿ ಒಳಸಂಚು. ಅದನ್ನು ಬಯಲಿಗೆಳೆದದ್ದು ಕೈಯಲ್ಲಿ ಪಿಸ್ತೂಲು ಹಿಡಿದು ಓಡಿದ ಒಂಟಿ ವೀರನಲ್ಲ. 1972ರ ಜೂನ್ 17ರ ನಸುಕಿನಲ್ಲಿ ಬಾಗಿಲ ಚಿಲಕಕ್ಕೆ ಅಂಟಿಸಿದ್ದ ಟೇಪನ್ನು ಗಮನಿಸಿ ಪೊಲೀಸರಿಗೆ ಫೋನ್ ಮಾಡಿದವನು ಒಬ್ಬ ರಾತ್ರಿ ಕಾವಲುಗಾರ. ಅಧ್ಯಕ್ಷರ ಕಚೇರಿಯ ಮಾತುಗಳೆಲ್ಲ ಧ್ವನಿಮುದ್ರಣವಾಗುತ್ತಿವೆ ಎಂಬ ರಹಸ್ಯ ಹೊರಬಿದ್ದದ್ದು ಸೆನೆಟ್ ಸಮಿತಿಯ ವಿಚಾರಣೆಯಲ್ಲಿ ಅಧಿಕಾರಿಯೊಬ್ಬರಿಗೆ ಹಾಕಿದ ನೇರ ಪ್ರಶ್ನೆಗೆ ಸಿಕ್ಕ ನೇರ ಉತ್ತರದಿಂದ. ಆ ಮುದ್ರಿಕೆಗಳನ್ನು ಒಪ್ಪಿಸಲೇಬೇಕೆಂದು 1974ರ ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯ ಭಿನ್ನಾಭಿಪ್ರಾಯವಿಲ್ಲದೆ ತೀರ್ಪಿತ್ತಿತು. ಆ ಪೀಠದಲ್ಲಿ ನಿಕ್ಸನ್ ತಾವೇ ನೇಮಿಸಿದ ಮೂವರು ನ್ಯಾಯಮೂರ್ತಿಗಳಿದ್ದರು. ಆಗಸ್ಟ್ 9ಕ್ಕೆ ಅಧ್ಯಕ್ಷರು ಹುದ್ದೆ ತೊರೆದರು. ನಮ್ಮ ಯುವಮಿತ್ರನ ಸಿದ್ಧಾಂತದ ಪ್ರಕಾರ ಇದು ನಡೆಯಲೇಬಾರದಿತ್ತು.

1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ನೇತೃತ್ವದ ಸಮಿತಿ ಗುಪ್ತಚರ ಸಂಸ್ಥೆಗಳ ಕೃತ್ಯಗಳನ್ನು ಶೋಧಿಸಿತು (ಅವರ ಮನೆತನದ ಹೆಸರಿಗೂ ನಮ್ಮ ಗುಡಿಗಳಿಗೂ ಸಂಬಂಧವಿಲ್ಲ). ಫಿಡೆಲ್ ಕ್ಯಾಸ್ಟ್ರೋ ಅವರನ್ನು ಕೊಲ್ಲಿಸುವ ಯೋಜನೆಗಳು, ನಾಗರಿಕರ ಅಂಚೆಯನ್ನು ಗುಟ್ಟಾಗಿ ಒಡೆದು ಓದಿದ್ದು, ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಹಿಂಬಾಲಿಸಿ ಹಿಂಸಿಸಿದ್ದು ಎಲ್ಲವೂ ಬೆಳಕಿಗೆ ಬಂದವು. ಇವುಗಳ ಪುರಾವೆಗಳಲ್ಲಿ ಬಹುಪಾಲು ಸಿಕ್ಕಿದ್ದು ಆ ಸಂಸ್ಥೆಗಳ ಸ್ವಂತ ಕಡತಗಳಲ್ಲಿ. ಅಧಿಕಾರ ತನ್ನ ಪಾಪವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ; ಓದಲು ಕುಳಿತುಕೊಳ್ಳುವ ತಾಳ್ಮೆ ಇದ್ದವರು ಬೇಕು.

ಈ ಮಾತಿಗೆ ನನಗೆ ತಿಳಿದ ಅತ್ಯುತ್ತಮ ಸಾಕ್ಷಿ ಒಬ್ಬ ಕಾದಂಬರಿಕಾರರೇ. ಬ್ರಿಟನ್ನಿನ ಕ್ರಿಸ್ ಮಲಿನ್ 1982ರಲ್ಲಿ 'ಎ ವೆರಿ ಬ್ರಿಟಿಷ್ ಕೂ' ಎಂಬ ಕಾದಂಬರಿ ಬರೆದರು. ಶೆಫೀಲ್ಡಿನ ಉಕ್ಕಿನ ಕಾರ್ಮಿಕನೊಬ್ಬ ಜನರ ಮತದಿಂದ ಪ್ರಧಾನಿಯಾಗುತ್ತಾನೆ. ಗುಪ್ತಚರರು, ಪತ್ರಿಕೆಗಳ ಒಡೆಯರು, ಹಿರಿಯ ಅಧಿಕಾರಿಗಳು, ಅಮೆರಿಕದ ಮಿತ್ರರು ಕೂಡಿ ಅವನನ್ನು ಕೆಳಗಿಳಿಸುತ್ತಾರೆ. ಕಾದಂಬರಿ ಯಶಸ್ವಿಯಾಯಿತು, 1988ರಲ್ಲಿ ದೂರದರ್ಶನ ಧಾರಾವಾಹಿಯೂ ಆಯಿತು. ಆದರೆ ಅದೇ ವರ್ಷಗಳಲ್ಲಿ ಅದೇ ಲೇಖಕರು ಕೈಗೆತ್ತಿಕೊಂಡಿದ್ದ ಇನ್ನೊಂದು ಕೆಲಸವನ್ನು ನಮ್ಮ ಓದುಗರಲ್ಲಿ ಎಷ್ಟು ಮಂದಿ ಬಲ್ಲರು?

1974ರ ನವೆಂಬರ್ 21ರಂದು ಬರ್ಮಿಂಗ್‌ಹ್ಯಾಮಿನ ಎರಡು ಪಾನಗೃಹಗಳಲ್ಲಿ ಬಾಂಬು ಸಿಡಿದು 21 ಜನ ಸತ್ತರು. ಅಂದೇ ರಾತ್ರಿ, ಸಂಬಂಧಿಕರನ್ನು ಕಾಣಲೆಂದೂ ಊರಿನವನೊಬ್ಬನ ಅಂತ್ಯಕ್ರಿಯೆಗೆಂದೂ ರೈಲಿನಲ್ಲಿ ಹೊರಟಿದ್ದ ಐವರು ಐರಿಷ್ ಮೂಲದವರನ್ನು ಪೊಲೀಸರು ಹಿಡಿದರು. ಅವರನ್ನು ಬೀಳ್ಕೊಡಲು ನಿಲ್ದಾಣಕ್ಕೆ ಬಂದಿದ್ದ ಆರನೆಯವನನ್ನು ಮರುದಿನ ಹಿಡಿದರು. ಹೊಡೆದು ಬಡಿದು ನಾಲ್ವರಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳಲಾಯಿತು. ಇಬ್ಬರ ಕೈಯಲ್ಲಿ ಸ್ಫೋಟಕದ ಕುರುಹು ಇದೆಯೆಂದು ವಿಧಿವಿಜ್ಞಾನಿ ಖಚಿತವಾಗಿ ಸಾಕ್ಷ್ಯ ನುಡಿದರು. 1975ರಲ್ಲಿ ಆರು ಮಂದಿಗೂ ಜೀವಾವಧಿ ಶಿಕ್ಷೆಯಾಯಿತು. ಅವರು ಪೊಲೀಸರ ಮೇಲೆ ಸಿವಿಲ್ ದಾವೆ ಹೂಡಿದಾಗ, 1980ರಲ್ಲಿ ಲಾರ್ಡ್ ಡೆನಿಂಗ್ ಅದನ್ನು ತಡೆದರು. ಅವರು ಕೊಟ್ಟ ಕಾರಣವನ್ನು ನಿಧಾನವಾಗಿ ಓದಬೇಕು: ಇವರು ಗೆದ್ದರೆ ಪೊಲೀಸರು ಹಿಂಸೆಯನ್ನೂ ಬೆದರಿಕೆಯನ್ನೂ ಸುಳ್ಳುಸಾಕ್ಷ್ಯವನ್ನೂ ಎಸಗಿದ್ದಾರೆ ಎಂದಾಗುತ್ತದೆ, ಆ ನೋಟ ಎಷ್ಟು ಭೀಕರವೆಂದರೆ ದಾವೆ ಮುಂದುವರಿಯುವುದೇ ಸರಿಯಲ್ಲ.

ಇದಕ್ಕಾಗಿ ಡೆನಿಂಗ್ ಅವರನ್ನು ಯಾರಾದರೂ ಮುಚ್ಚಿದ ಕೋಣೆಗೆ ಕರೆದಿದ್ದರೇ? ಇಲ್ಲ. ತೆರೆದ ನ್ಯಾಯಾಲಯದಲ್ಲಿ, ಪತ್ರಕರ್ತರ ಮುಂದೆ ಆಡಿದ ಮಾತದು. ಆರು ಜನರ ಬಾಳನ್ನು ನುಂಗಿದ ಈ ಅನ್ಯಾಯಕ್ಕೆ ಒಬ್ಬ ಸೂತ್ರಧಾರ ಇರಲಿಲ್ಲ. ಹೊಡೆದ ಪೊಲೀಸರಿದ್ದರು, ಪಕ್ಕದ ಕೋಣೆಯಲ್ಲಿ ಸುಮ್ಮನೆ ಕುಳಿತವರಿದ್ದರು, ತನ್ನ ಪರೀಕ್ಷೆಯನ್ನು ಅತಿಯಾಗಿ ನಂಬಿದ ವಿಜ್ಞಾನಿ ಇದ್ದ, ರೋಷದಲ್ಲಿದ್ದ ಪತ್ರಿಕೆಗಳಿದ್ದವು, ಪೊಲೀಸರು ಸುಳ್ಳು ಹೇಳಲಾರರು ಎಂದು ಪ್ರಾಮಾಣಿಕವಾಗಿ ನಂಬಿದ ನ್ಯಾಯಾಧೀಶರಿದ್ದರು. ಅಡಗಿಸಿದವರಿಗಿಂತ, ನೋಡಲೊಲ್ಲದೆ ಮುಖ ತಿರುಗಿಸಿದವರೇ ಹೆಚ್ಚು. ಯಾವ ರೋಚಕ ಕಾದಂಬರಿಯ ಖಳನಾಯಕನಿಗಿಂತಲೂ ಇದು ನನ್ನನ್ನು ಹೆಚ್ಚು ಹೆದರಿಸುತ್ತದೆ. ಏಕೆಂದರೆ ಆ ಖಳನಾಯಕನಾಗುವುದು ನನ್ನಿಂದ ಸಾಧ್ಯವಿಲ್ಲ, ಮುಖ ತಿರುಗಿಸುವುದು ಪ್ರತಿದಿನ ಸಾಧ್ಯ.

ಮಲಿನ್ ಅವರು 'ವರ್ಲ್ಡ್ ಇನ್ ಆ್ಯಕ್ಷನ್' ಎಂಬ ದೂರದರ್ಶನ ಕಾರ್ಯಕ್ರಮದವರೊಡನೆ ಸೇರಿ ಸಾಕ್ಷ್ಯಗಳನ್ನು ಒಂದೊಂದಾಗಿ ಮರುಪರಿಶೀಲಿಸಿದರು. ಇಸ್ಪೀಟಿನ ಎಲೆಗಳನ್ನು ಮುಟ್ಟಿದ ಕೈಗೂ ಆ ರಾಸಾಯನಿಕ ಪರೀಕ್ಷೆ ಸ್ಫೋಟಕದ ಫಲಿತಾಂಶವನ್ನೇ ಕೊಡಬಲ್ಲದು ಎಂದು 1985ರಲ್ಲಿ ತೋರಿಸಲಾಯಿತು. ರೈಲಿನಲ್ಲಿ ಆ ಜನ ಮಾಡಿದ್ದೇ ಇಸ್ಪೀಟು ಆಟ! 1986ರಲ್ಲಿ ಮಲಿನ್ ಅವರ 'ಎರರ್ ಆಫ್ ಜಡ್ಜ್‌ಮೆಂಟ್' ಪುಸ್ತಕ ಬಂತು. 1988ರ ಜನವರಿಯಲ್ಲಿ ಮೇಲ್ಮನವಿ ಮತ್ತೆ ತಿರಸ್ಕೃತವಾಯಿತು. ಪೊಲೀಸರ ವಿಚಾರಣಾ ಟಿಪ್ಪಣಿಗಳು ಅವರು ಹೇಳಿದಂತೆ ಬರೆದವಲ್ಲ ಎಂಬುದನ್ನು ಕಾಗದದ ಮೇಲಿನ ಒತ್ತುಗುರುತುಗಳ ಪರೀಕ್ಷೆ ಕೊನೆಗೂ ತೋರಿಸಿಕೊಟ್ಟ ಬಳಿಕ, 1991ರ ಮಾರ್ಚ್ 14ರಂದು ಆರೂ ಮಂದಿ ಬಿಡುಗಡೆಯಾದರು. ಹದಿನಾರು ವರ್ಷ!

ಇದೇ ಕಾಲದ ಗಿಲ್‌ಫರ್ಡ್ ಪ್ರಕರಣಕ್ಕೆ ಸೇರಿದ ಮ್ಯಾಗ್ವೈರ್ ಕುಟುಂಬದ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾಗಿದ್ದ ಜ್ಯೂಸೆಪ್ ಕಾನ್ಲನ್ ಎಂಬ ರೋಗಿಷ್ಠ ಮನುಷ್ಯನನ್ನು ಕಾರ್ಡಿನಲ್ ಬೇಸಿಲ್ ಹ್ಯೂಮ್ ಅವರು ಸೆರೆಮನೆಯಲ್ಲಿ ಭೇಟಿಯಾಗಿ, ಈತ ನಿರಪರಾಧಿ ಎಂದು ಮನಗಂಡರು. ಕಾನ್ಲನ್ 1980ರಲ್ಲಿ ಸೆರೆಯಲ್ಲಿರುವಾಗಲೇ ತೀರಿಕೊಂಡರು. ಕಾರ್ಡಿನಲ್ ಬಿಡಲಿಲ್ಲ. 1987ರಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನೂ ಇಬ್ಬರು ಮಾಜಿ ಗೃಹಮಂತ್ರಿಗಳನ್ನೂ ಜೊತೆಗೂಡಿಸಿಕೊಂಡು ಗೃಹಮಂತ್ರಿಯ ಬಾಗಿಲಿಗೆ ಹೋದರು. ಆ ಮಾಜಿಗಳಲ್ಲಿ ಒಬ್ಬರು, ಬಂಧನವಾದ ಕಾಲದಲ್ಲಿ ಗೃಹಮಂತ್ರಿಯಾಗಿದ್ದ ರಾಯ್ ಜೆಂಕಿನ್ಸ್ ಅವರೇ. 'ಅವರೆಲ್ಲ ಒಂದೇ' ಎಂದು ನಂಬಿದ್ದರೆ ಕಾರ್ಡಿನಲ್ ಅವರು ಜೆಂಕಿನ್ಸ್ ಅವರ ಮನೆಯ ಗಂಟೆಯನ್ನೇ ಒತ್ತುತ್ತಿರಲಿಲ್ಲ.

ಹಾಗಾದರೆ ಒಳಸಂಚುಗಳೇ ಇಲ್ಲವೇ? ಇವೆ. 1953ರಲ್ಲಿ ಇರಾನಿನ ಚುನಾಯಿತ ಪ್ರಧಾನಿ ಮೊಸಾದೆಕ್ ಅವರನ್ನು ಉರುಳಿಸಿದ ಸಂಚಿನಲ್ಲಿ ತನ್ನ ಪಾತ್ರವಿತ್ತೆಂಬುದು ಅಮೆರಿಕದ ಗುಪ್ತಚರ ಸಂಸ್ಥೆ 2013ರಲ್ಲಿ ಹೊರಬಿಟ್ಟ ದಾಖಲೆಗಳಲ್ಲೇ ಇದೆ. ಇಲ್ಲವೆನ್ನುವವನು ಮುಗ್ಧ, ಇಲ್ಲವೇ ಫಲಾನುಭವಿ. ನನ್ನ ಜಗಳ ಇರುವುದು, 'ಕೆಲವು ಸಂಚುಗಳಿವೆ' ಎಂಬುದರಿಂದ 'ಎಲ್ಲವೂ ಸಂಚು' ಎಂಬಲ್ಲಿಗೆ ಜಿಗಿಯುವ ಸೋಮಾರಿತನದ ಜೊತೆ. ಮೊದಲನೆಯದಕ್ಕೆ ಪುರಾವೆ ಬೇಕು, ಎರಡನೆಯದಕ್ಕೆ ಏನೂ ಬೇಡ. ಪುರಾವೆ ಇಲ್ಲದಿರುವುದೇ ಅದರ ಪುರಾವೆ.

ಈ ಸೋಮಾರಿತನದ ರುಚಿ ನಮಗೂ ಗೊತ್ತು. ಡ್ಯಾನ್ ಬ್ರೌನ್ ಅವರ 'ದ ಡಾ ವಿಂಚಿ ಕೋಡ್' ಚಲನಚಿತ್ರ 2006ರಲ್ಲಿ ಬಂದಾಗ, ಧರ್ಮಸಭೆಯೇ ಶತಮಾನಗಳ ಸಂಚುಗಾರ ಎಂಬ ಕಥೆಗೆ ನಾವು ಕೆರಳಿದೆವು. ದೇಶದ ಹಲವೆಡೆ ಪ್ರತಿಭಟನೆಗಳು ನಡೆದವು, ಕೆಲವು ರಾಜ್ಯಗಳು ಚಿತ್ರವನ್ನು ನಿಷೇಧಿಸಿದವು. ದಾಖಲೆ ತೋರಿಸಿ, ಇತಿಹಾಸ ಓದಿ ಎಂದೆವು. ಸರಿಯೇ. ಅದೇ ನಾವು ಸರ್ಕಾರದ ಮೇಲೆ, ನ್ಯಾಯಾಲಯದ ಮೇಲೆ, ಬೇರೆ ಸಮುದಾಯದವರ ಮೇಲೆ ಹೊರಿಸಿದ ಸಂಚಿನ ಕಥೆಗಳನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸುವಾಗ ಯಾವ ದಾಖಲೆ ಕೇಳುತ್ತೇವೆ? ನಮ್ಮನ್ನು ಖಳರನ್ನಾಗಿಸಿದಾಗ ಅಸಹ್ಯವೆನಿಸಿದ್ದು, ಇತರರನ್ನು ಹಾಗೆ ಮಾಡಿದಾಗ ಮನರಂಜನೆಯೇ?

ಇನ್ನೊಂದು ಅಪಾಯ ಇನ್ನೂ ಸೂಕ್ಷ್ಮವಾದದ್ದು. ಥ್ಯಾಚರ್ ಕಾಲದ ಕನ್ಸರ್ವೇಟಿವ್ ಪಕ್ಷದ ಒಳಮನೆಯನ್ನು ಬಲ್ಲ ಮೈಕೆಲ್ ಡಾಬ್ಸ್ 1989ರಲ್ಲಿ ಬರೆದ 'ಹೌಸ್ ಆಫ್ ಕಾರ್ಡ್ಸ್' ಕಾದಂಬರಿಯ ಅರ್ಕಾರ್ಟ್ ಕೊಲೆಗಡುಕ. ಆದರೂ ಅವನ ಚಾತುರ್ಯಕ್ಕೆ ಮರುಳಾಗುತ್ತೇವೆ, ಮೋಸಹೋದವರನ್ನು ಪೆದ್ದರೆಂದು ನಗುತ್ತೇವೆ. ಹಾಗೆ ನಕ್ಕು ಅಭ್ಯಾಸವಾದವನು ಪತ್ರಿಕೆಯಲ್ಲಿ ಪಕ್ಷಾಂತರದ ಸುದ್ದಿ ಓದಿದಾಗಲೂ 'ಭಲೇ ಆಟಗಾರ' ಎನ್ನುತ್ತಾನೆ.

ನನ್ನ ಅನುಭವವೊಂದನ್ನು ಹೇಳಿಬಿಡುತ್ತೇನೆ. ನಮ್ಮ ಬೀದಿಯ ಚರಂಡಿ ಅರ್ಧಕ್ಕೆ ನಿಂತಿತ್ತು. ದೊಡ್ಡವರ ಕೈವಾಡ ಎಂದು ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಕಡೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದೆ. ಮೂವತ್ತು ದಿನದ ಗಡುವು ದಾಟಿ ಬಂದ ಕಾಗದಗಳಲ್ಲಿ ಕಾಮಗಾರಿ ಪೂರ್ಣಗೊಂಡಿದೆ ಎಂದಿತ್ತು, ಕೆಳಗೆ ಐದು ಸಹಿಗಳಿದ್ದವು. ದೊಡ್ಡವರ ಸಹಿ ಒಂದೂ ಇರಲಿಲ್ಲ. ಆ ಐವರಲ್ಲಿ ಒಬ್ಬರು ನಾನು ಪ್ರತಿ ಬೆಳಿಗ್ಗೆ ನಮಸ್ಕರಿಸುವ ಸಜ್ಜನರು. ಕೇಳಿದರೆ, "ಎಲ್ಲರೂ ಹಾಕಿದ್ದರು, ನಾನೂ ಹಾಕಿದೆ" ಎಂದರು. ಬರ್ಮಿಂಗ್‌ಹ್ಯಾಮ್ ನೆನಪಾಯಿತು.

ಆದ್ದರಿಂದ ಹಿರಿಯರೇ, ಕಪಾಟಿನಿಂದ ಏನನ್ನೂ ತೆಗೆಯಬೇಡಿ. 'ಎ ವೆರಿ ಬ್ರಿಟಿಷ್ ಕೂ' ಅಲ್ಲೇ ಇರಲಿ. ಪಕ್ಕದಲ್ಲಿ ಅದೇ ಲೇಖಕರ 'ಎರರ್ ಆಫ್ ಜಡ್ಜ್‌ಮೆಂಟ್' ಇಡಿ.

ಆ ಪುಸ್ತಕದ ಕಥೆಯನ್ನು ಯುವಕನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಆ ಪೊಲೀಸರಿಗೆ ಏನಾಯಿತು ಸರ್?" ಮೂವರ ಮೇಲೆ ಹೂಡಿದ್ದ ಮೊಕದ್ದಮೆಯನ್ನು 1993ರಲ್ಲಿ ನಿಲ್ಲಿಸಲಾಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ ಎಂದೆ. "ನೋಡಿದಿರಾ!" ಎಂದ. ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ, ಈಗಲೂ ಇಲ್ಲ. ಇಂಥ ತಪ್ಪು ತೀರ್ಪುಗಳ ಮರುಪರಿಶೀಲನೆಗೆಂದೇ 1997ರಲ್ಲಿ ಆ ದೇಶದಲ್ಲಿ ಸ್ವತಂತ್ರ ಆಯೋಗವೊಂದು ಕೆಲಸ ಆರಂಭಿಸಿತು ಎಂದಷ್ಟೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕ ಕೇಳಿ ತೆಗೆದುಕೊಂಡು ಹೋದ. ಅವನಿಗಾಗಿ ತಂದಿಟ್ಟ ಮತದಾರರ ಪಟ್ಟಿಯ ನಮೂನೆ 6 ಇನ್ನೂ ನನ್ನ ಮೇಜಿನ ಮೇಲೇ ಇದೆ.