ಹಬ್ಬದ ಕುಡಿತವೂ ಹೃದಯಕ್ಕೆ ಕುಡಿತವೇ

ನಮ್ಮ ಕುಟುಂಬಗಳಲ್ಲಿ 'ಕುಡುಕ' ಎಂಬ ಪದ ಯಾವಾಗಲೂ ಬೇರೊಬ್ಬನಿಗೆ ಮೀಸಲು. ದಿನವೂ ತೂರಾಡುತ್ತ ಮನೆ ಸೇರುವವನು ಕುಡುಕ. ರೋಸ್, ಮದುವೆ, ಕ್ರಿಸ್ಮಸ್‌ಗಳಂದು ಮಾತ್ರ ಗ್ಲಾಸು ಹಿಡಿಯುವವನು ಸಭ್ಯ. ಸಮಾಜದ ದೃಷ್ಟಿಯಲ್ಲಿ ಈ ಭೇದಕ್ಕೆ ಅರ್ಥವಿದ್ದೀತು. ಎದೆಯೊಳಗಿನ ಹೃದಯ ಮಾತ್ರ ಇದನ್ನು ಅರಿಯದು.

1978ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಎಟಿಂಗರ್ ಹಾಗೂ ಸಂಗಡಿಗರು ಒಂದು ಸಂಗತಿಯನ್ನು ದಾಖಲಿಸಿದರು. ವಾರಾಂತ್ಯ ಮತ್ತು ಹಬ್ಬದ ರಜೆಗಳಲ್ಲಿ ವಿಪರೀತ ಕುಡಿದವರು ಎದೆಬಡಿತ ತಾಳತಪ್ಪಿ ಆಸ್ಪತ್ರೆ ಸೇರುತ್ತಿದ್ದರು. ಇದಕ್ಕೆ 'ಹಾಲಿಡೇ ಹಾರ್ಟ್' ಎಂದು ಹೆಸರಾಯಿತು. ಅಪರೂಪಕ್ಕೆ ಕುಡಿಯುವವರಲ್ಲೂ ಒಂದೇ ರಾತ್ರಿಯ ಅತಿಪಾನದಿಂದ ಇದು ತಲೆದೋರಬಹುದೆಂದು ಮುಂದೆ ತಿಳಿದುಬಂತು. ಹೃದಯದ ಮೇಲಿನ ಕೋಣೆಗಳು ಕ್ರಮವಾಗಿ ಬಡಿಯುವ ಬದಲು ಕಂಪಿಸತೊಡಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಸಾಗಿದರೆ ಪಾರ್ಶ್ವವಾಯು. ವರ್ಷಗಟ್ಟಲೆ ಅತಿಯಾಗಿ ಕುಡಿಯುವವರಲ್ಲಂತೂ ರಕ್ತದೊತ್ತಡ ಏರಿ, ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುತ್ತದೆ.

'ನಮ್ಮ ಹುಡುಗ ಕುಡಿದರೂ ಗಾಂಜಾ ಮುಟ್ಟುವುದಿಲ್ಲ' ಎಂದು ಸಮಾಧಾನ ಪಡುವ ಹೆತ್ತವರಿದ್ದಾರೆ. ಗಾಂಜಾ ನಾಡಿಬಡಿತವನ್ನು ಏರಿಸುತ್ತದೆ. ಕೊಕೇನ್ ಹೃದಯಕ್ಕೆ ರಕ್ತವುಣಿಸುವ ನಾಳಗಳನ್ನೇ ಬಿಗಿದು, ಆರೋಗ್ಯವಂತ ಯುವಕನಿಗೂ ಹೃದಯಾಘಾತ ತರಬಲ್ಲದು. ಆದರೆ ಅಮಲಿಲ್ಲದೆ ಸಂತೋಷವಿಲ್ಲ ಎಂಬ ಮೊದಲ ಪಾಠವನ್ನು ಆ ಹುಡುಗ ಎಲ್ಲಿ ಕಲಿತ? ನಮ್ಮದೇ ಚಪ್ಪರದಡಿಯಲ್ಲಲ್ಲವೇ?

'ಒಂದೆರಡು ಪೆಗ್ ಹೃದಯಕ್ಕೆ ಹಿತ' ಎಂಬ ವಾದವೂ ಉಂಟು. ಕೆಲವು ಹಳೆಯ ಅಧ್ಯಯನಗಳು ಹಾಗೆ ಸೂಚಿಸಿದ್ದು ನಿಜ. ಆದರೆ ಅವುಗಳಲ್ಲಿ ಹಲವು, ಕಾಯಿಲೆಯಿಂದ ಕುಡಿತ ಬಿಟ್ಟವರನ್ನೂ 'ಕುಡಿಯದವರ' ಸಾಲಿಗೇ ಸೇರಿಸಿದ್ದವು. ರೋಗಿಗಳನ್ನು ಎದುರಿಗಿಟ್ಟುಕೊಂಡರೆ ಯಾರು ತಾನೇ ಆರೋಗ್ಯವಂತರಾಗಿ ಕಾಣರು? ಈ ವಾದವನ್ನು ವಿಶ್ವ ಹೃದಯ ಒಕ್ಕೂಟ 2022ರಲ್ಲಿ ತಿರಸ್ಕರಿಸಿತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ಸಾರಿತು.

ಹಾಗಾದರೆ ಕಾನಾ ಊರಿನ ಮದುವೆ? ಅಲ್ಲಿ ಯೇಸುಸ್ವಾಮಿ ಆತಿಥೇಯರ ಮಾನ ಕಾಪಾಡಿದರು. ಒಲ್ಲೆನೆಂದವನ ಕೈಗೆ ಬಲವಂತದ ಪಾತ್ರೆಯನ್ನಿಡಲಿಲ್ಲ. ಧರ್ಮಸಭೆ ದ್ರಾಕ್ಷಾರಸವನ್ನೇ ಪಾಪವೆಂದಿಲ್ಲ. ಅದು ಖಂಡಿಸುವುದು ಅತಿಯನ್ನು. ಸಂತ ತೋಮಸ್ ಅಕ್ವಿನಾಸರು ಮಿತವನ್ನು ನಾಲ್ಕು ಮೂಲ ಸದ್ಗುಣಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಸದ್ಗುಣ ಮನುಷ್ಯನ ಸ್ವತಂತ್ರ ಆಯ್ಕೆಯಿಂದ ಬೆಳೆಯುವಂಥದು. 'ಇನ್ನೊಂದೇ ಒಂದು, ನನ್ನ ಮೇಲಿನ ಪ್ರೀತಿಗಾಗಿ' ಎಂದು ಒತ್ತಾಯಿಸುವ ಆತಿಥ್ಯ ಆ ಆಯ್ಕೆಯನ್ನೇ ಕಸಿದುಕೊಳ್ಳುತ್ತದೆ. ಇದನ್ನು ಪ್ರೀತಿಯೆಂದು ಕರೆಯಲು ನಾವು ಒಪ್ಪೆವು.

ಭರವಸೆಗೂ ಆಧಾರವಿದೆ. ಎದೆಬಡಿತದ ಇದೇ ದೋಷವಿದ್ದ 140 ಜನರನ್ನು ಆಸ್ಟ್ರೇಲಿಯದ ವೈದ್ಯರು ಆರು ತಿಂಗಳು ಗಮನಿಸಿ 2020ರಲ್ಲಿ ವರದಿ ಮಾಡಿದರು. ಎಂದಿನಂತೆ ಕುಡಿದವರಲ್ಲಿ ನೂರಕ್ಕೆ 73 ಮಂದಿಗೆ ತೊಂದರೆ ಮರುಕಳಿಸಿತು. ಕುಡಿತ ಬಿಡಲು ಹೊರಟವರಲ್ಲಿ 53 ಮಂದಿಗೆ. ಬಿಟ್ಟರೆ ಫಲವುಂಟು.

ಆದುದರಿಂದ ಕುಟುಂಬದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಮುಂದಿನ ಸಮಾರಂಭದಲ್ಲಿ ಗ್ಲಾಸು ಬೇಡವೆಂದವನನ್ನು ಎರಡನೆಯ ಬಾರಿ ಕೇಳದಿರಿ. ಅವನಿಗೂ ಪಾನಕವೋ ಎಳನೀರೋ ಅಷ್ಟೇ ಗೌರವದಿಂದ ಬರಲಿ. ಕುಡಿದ ಮರುದಿನ ಯಾರಿಗಾದರೂ ಎದೆ ಡವಗುಟ್ಟಿದರೆ 'ಗ್ಯಾಸ್' ಎಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅತಿಥಿ ಕ್ಷೇಮವಾಗಿ ಮನೆ ಸೇರಿದಾಗಲೇ ಆತಿಥ್ಯ ಪೂರ್ಣವಾಗುವುದು.